‘ಅಣು ಜಲಾಂತರ್ಗಾಮಿ’ಯಲ್ಲಿ ಅಣು ಎಲ್ಲಿದೆ?

ಪತ್ರಿಕೆಗಳಲ್ಲಿ ‘ಅಣು ಜಲಾಂತರ್ಗಾಮಿ’ ಎಂಬ ಪದವನ್ನು ನೀವು ಓದಿರುತ್ತೀರಿ. ಪದ ಅರೆಬೆಂದದ್ದು. ಪಠ್ಯಪುಸ್ತಕದ ಪ್ರಕಾರ ಅಣುವೆಂದರೆ ಮಾಲಿಕ್ಯೂಲ್. ಆ ಲೆಕ್ಕದಲ್ಲಿ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳ ಡೀಸೆಲ್ ಪಂಪೇ ಅಣುಯಂತ್ರ! ಅಲ್ಲಿ ಅಣುಗಳು ಆಮ್ಲಜನಕದೊಡನೆ ಉರಿಯುತ್ತವೆ. ಗಾಳಿಯಾಡದ ಕೋಣೆಯಲ್ಲಿ ಪಂಪು ನಿಲ್ಲುತ್ತದೆ. ಡೀಸೆಲ್ ಜಲಾಂತರ್ಗಾಮಿಯೂ ಬ್ಯಾಟರಿ ತುಂಬಿಸಿಕೊಳ್ಳಲು ಗಾಳಿಗಾಗಿ ಮೇಲ್ಮೈಯ ಬಳಿಗೆ ಬರಬೇಕಾಗುವುದು ಇದೇ ಕಾರಣಕ್ಕೆ. ಯುರೇನಿಯಂ ಪರಮಾಣುವಿನ ಬೀಜ ಸೀಳುವುದಕ್ಕೆ ಗಾಳಿ ಬೇಡ. ಒಂದು ಗ್ರಾಂ ಯುರೇನಿಯಂ-235 ಪೂರ್ತಿ ವಿದಳನಗೊಂಡರೆ ಸುಮಾರು ಒಂದು ಮೆಗಾವಾಟ್ ಶಾಖ ಇಡೀ ದಿನ ದೊರೆಯುತ್ತದೆ. ಅದರಿಂದ ಹಬೆ, ಹಬೆಯಿಂದ ಟರ್ಬೈನು.

ಇನ್ನೂ ದೊಡ್ಡ ತೊಡಕು, ಈ ಪದ ಎಂಜಿನ್ನನ್ನೂ ಅಸ್ತ್ರವನ್ನೂ ಒಂದೇ ಮಾಡುತ್ತದೆ. ರಷ್ಯದಿಂದ ಗುತ್ತಿಗೆಗೆ ಪಡೆದು 2012ರಲ್ಲಿ ನೌಕಾಪಡೆಗೆ ಸೇರಿ 2021ರಲ್ಲಿ ಮರಳಿದ ದಾಳಿ ನೌಕೆ ಐಎನ್‌ಎಸ್ ಚಕ್ರ ಪರಮಾಣು ಚಾಲಿತ, ಆದರೆ ಅದರಲ್ಲಿ ಪರಮಾಣು ಅಸ್ತ್ರ ಇರಲಿಲ್ಲ. ಅರಿಹಂತ್ ಎರಡಕ್ಕೂ ಸಜ್ಜಾದದ್ದು. ‘ಚಾಲಿತ’, ‘ಅಸ್ತ್ರಧಾರಿ’ ಎಂದು ಬಿಡಿಸಿ ಬರೆಯಲು ವರದಿಗಾರರಿಗೆ ಏನಡ್ಡಿ?

ಗೊಂದಲ ನಿರುಪದ್ರವಿಯೂ ಅಲ್ಲ. 2008ರ ನವೆಂಬರಿನಲ್ಲಿ, ನೆರ್ಪಾ ಎಂದು ಕರೆಯಲಾಗುತ್ತಿದ್ದ ಇದೇ ನೌಕೆಯ ಪರೀಕ್ಷಾ ಯಾನದಲ್ಲಿ 20 ಮಂದಿ ಸತ್ತರು. ‘ಅಣು ಜಲಾಂತರ್ಗಾಮಿ ದುರಂತ’ ಎಂದೊಡನೆ ವಿಕಿರಣವೇ ನೆನಪಾಗುವುದು ಸಹಜ. ಅವರನ್ನು ಕೊಂದದ್ದು ಬೆಂಕಿ ನಂದಿಸುವ ವ್ಯವಸ್ಥೆಯಿಂದ ಹೊಮ್ಮಿದ ಅನಿಲ. ರಿಯಾಕ್ಟರಿಗೆ ಏನೂ ಆಗಿರಲಿಲ್ಲ.