ಸೀಸೆ, ಪಾದರಕ್ಷೆ ಮತ್ತು ಸಾಕ್ಷ್ಯ

ಆಚರಣೆ ಹಾಗೂ ಮಾಂತ್ರಿಕತೆಯ ಪುರಾತತ್ತ್ವವನ್ನು ಕುರಿತು ರಾಲ್ಫ್ ಮೆರಿಫೀಲ್ಡರು 1987ರಲ್ಲಿ ಪ್ರಕಟಿಸಿದ ಗ್ರಂಥವು, ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಹುದುಗಿಸಿಟ್ಟ ವಸ್ತುಗಳಿಗೆ ವಿದ್ವತ್ಪ್ರಪಂಚದಲ್ಲಿ ಮನ್ನಣೆ ದೊರಕಿಸಿತೆಂಬುದು ನಿರ್ವಿವಾದ. ಮಾಟಗಾತಿಯರ ವಿರುದ್ಧ ಹೂತ ಸೀಸೆಗಳ ವಿಷಯದಲ್ಲಿ ಅವರ ನಿರ್ಣಯವನ್ನು ನಾವು ಒಪ್ಪುತ್ತೇವೆ. ಮೂತ್ರ, ಮೊಳೆ, ಸೂಜಿಗಳ ಈ ಪ್ರತಿಕ್ರಿಯೆಯನ್ನು ಬ್ಲಾಗ್ರೇವನು 1671ರಲ್ಲಿಯೇ ವಿವರಿಸಿರುವನು. 2004ರಲ್ಲಿ ಗ್ರಿನಿಚ್‌ನಲ್ಲಿ ಬಿರಡೆಸಹಿತ ದೊರೆತ ಸೀಸೆಯ ರಾಸಾಯನಿಕ ಪರೀಕ್ಷೆಯೂ ಅದನ್ನೇ ಸಮರ್ಥಿಸಿತು.

ಪಾದರಕ್ಷೆಗಳ ವಿಚಾರ ಹಾಗಲ್ಲ. ಗೋಡೆ, ಹೊಗೆಗೂಡುಗಳಲ್ಲಿ ಸವೆದ ಜೋಡುಗಳು ವಿಪುಲವಾಗಿ ದೊರೆತಿವೆ. ಅವುಗಳ ಉದ್ದೇಶವನ್ನು ತಿಳಿಸುವ ಸಮಕಾಲೀನ ಬರಹ ದೊರೆತಿಲ್ಲ. ದೆವ್ವವನ್ನು ಬೂಟಿನಲ್ಲಿ ಸೆರೆಹಿಡಿದನೆಂಬ ಜಾನ್ ಷಾರ್ನ್ ಪಾದ್ರಿಯ ಐತಿಹ್ಯದಿಂದ ಈ ಕೊರತೆಯನ್ನು ತುಂಬಹೊರಟಿರುವುದು ದುರ್ಬಲವಾದ ವಾದ. ನಮ್ಮ ಬಾಗಿಲಿಗೆ ಕಟ್ಟಿದ ಬೂದುಗುಂಬಳದ ಅರ್ಥವನ್ನು ಮನೆಯೊಡತಿಯನ್ನೇ ಕೇಳಬಹುದು, ಜೋಡಿಟ್ಟವರನ್ನು ಕೇಳುವಂತಿಲ್ಲ. ಆದಕಾರಣ ರಕ್ಷೆಯೆಂದು ಹೆಸರಿಸುವ ಮುನ್ನ, ಅದು ಗೋಡೆ ಕಟ್ಟುವಾಗ ಇಟ್ಟದ್ದೇ, ಬಳಿಕ ಬಿದ್ದದ್ದೇ ಎಂಬುದು ನಿರ್ಧಾರವಾಗತಕ್ಕದ್ದು.