ರಸ್ತೆಯಲ್ಲಿ ಓಡುವವರ ಕಿವಿ

ಕ್ರೀಡೆಗೆಂದೇ ಮಾಡಿದ ವೈರ್‌ಲೆಸ್ ಇಯರ್‌ಬಡ್‌ಗಳನ್ನು ತೂಗಿ ನೋಡುವವರು ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ದನಿ ಎಷ್ಟು ಗಟ್ಟಿ ಎಂದು ಕೇಳುತ್ತಾರೆ; ಓಡುವುದು ಎಲ್ಲಿ ಎಂದು ಕೇಳುವವರು ಕಡಿಮೆ. ನಂಜನಗೂಡು, ತಿ. ನರಸೀಪುರದ ಕಡೆ, ಹದಿನಾರಿನಂಥ ಊರುಗಳಲ್ಲಿ, ಮೊದಲು ಕೇಳಬೇಕಾದ್ದು ಅದನ್ನೇ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 1,600 ಮೀಟರ್ ಓಟಕ್ಕೆ ತಯಾರಾಗುವ ಹಳ್ಳಿಯ ಹುಡುಗರಿಗೆ ಸಿಗುವುದು ಹೆಚ್ಚಾಗಿ ಡಾಂಬರು ರಸ್ತೆಯ ಅಂಚು. ಇದೇ ಕಡೆಯ ಅಳಗಂಚಿಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಲಾರಿ, ಟ್ರ್ಯಾಕ್ಟರುಗಳು ಅಗಲಕ್ಕೆ ಹೇರು ತುಂಬಿಕೊಂಡು ಸಾಗುತ್ತವೆ. ಬೆನ್ನ ಹಿಂದಿನ ಗಾಡಿಯ ಸುಳಿವು ಕೊಡುವುದು ಕಿವಿಯೊಂದೇ. ಆ ಕಿವಿಯನ್ನು ಸಿಲಿಕಾನ್ ತುದಿಯಿಂದ ಬಿಗಿಯಾಗಿ ಮುಚ್ಚುವುದೇ ಈ ಬಡ್‌ಗಳ ದೊಡ್ಡ ಹೆಗ್ಗಳಿಕೆ. ಆದ್ದರಿಂದ ಕಿವಿ ಮುಚ್ಚುವ ಬಡ್ ಇಲ್ಲಿನ ರಸ್ತೆ ಓಟಕ್ಕೆ ಸಲ್ಲದು ಎಂಬುದು ನನ್ನ ನಿಲುವು.

ಇವುಗಳ ಗುಣವನ್ನು ಅಲ್ಲಗಳೆಯಬೇಕಿಲ್ಲ. ಕೈಗೆ ಸಿಕ್ಕಿ ಎಳೆಯುವ ವೈರಿನ ಕಾಟ ತಪ್ಪಿದೆ, ಕಿವಿಗೆ ಕೊಕ್ಕೆ ಹಾಕಿದ ಮಾದರಿ ಎಷ್ಟು ಕುಲುಕಿದರೂ ಜಾರದು. ತಾಳಬದ್ಧ ಸಂಗೀತ ಕೇಳುತ್ತ ಓಡಿದರೆ ಆಯಾಸ ಕಡಿಮೆ ಅನ್ನಿಸುತ್ತದೆ ಎಂಬುದನ್ನು ಬ್ರಿಟನ್ನಿನ ಕಾಸ್ಟಾಸ್ ಕರಾಗಿಯೋರ್ಗಿಸ್ ಅವರಂಥ ಕ್ರೀಡಾ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ಆದರೆ ವಿಶ್ವ ಅಥ್ಲೆಟಿಕ್ಸ್ ನಿಯಮ ಸ್ಪರ್ಧೆಯ ಅಂಕಣದೊಳಗೆ ಇಂಥ ಸಾಧನಗಳನ್ನು ಬಿಡುವುದಿಲ್ಲ. ಹಾಡಿನ ತಾಳಕ್ಕೇ ಹೆಜ್ಜೆ ಒಗ್ಗಿಸಿಕೊಂಡವನಿಗೆ, ಹಾಡಿಲ್ಲದೆ ಓಡಬೇಕಾದಾಗ, ತನ್ನ ಉಸಿರಿನ ಲೆಕ್ಕ ತಿಳಿಯುವುದು ಕಷ್ಟ.

ದನಿ ತಗ್ಗಿಸಿದರೆ ಸಾಕಲ್ಲವೇ ಎನ್ನಬಹುದು. ಹಾಡು ನಿಲ್ಲಿಸಿದರೂ ಸಿಲಿಕಾನ್ ತುದಿ ಹೊರಗಿನ ಸದ್ದನ್ನು ತಡೆಯುತ್ತಲೇ ಇರುತ್ತದೆ. ಹೊರಗಿನ ಸದ್ದನ್ನು ಮೈಕಿನಿಂದ ಒಳಬಿಡುವ ಸೌಲಭ್ಯ ಅಗ್ಗದ ಬಡ್‌ಗಳಲ್ಲಿ ಅಪರೂಪ. ಇದ್ದರೂ ಓಡುವಾಗ ಗಾಳಿಯ ಗದ್ದಲ ಅದೇ ಮೈಕಿಗೆ ಬಡಿಯುತ್ತದೆ. ಕಿವಿ ತೆರೆದೇ ಬಿಡುವ ಮಾದರಿ ವಾಸಿ. ಅದರಲ್ಲೂ ಒಂದು ಅಪಾಯವಿದೆ: ಗಾಡಿಗಳ ಸದ್ದನ್ನು ಮೀರಿಸಲು ದನಿ ಏರಿಸಬೇಕೆನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ.

ಬಾಳಿಕೆಯ ಮಾತೂ ಇದೆ. ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ, ಡಬ್ಬಿಯ ಮೇಲಿನ ಐಪಿಎಕ್ಸ್ ಅಂಕಿ ಸಿಹಿನೀರಿನ ಪರೀಕ್ಷೆಯದು, ಉಪ್ಪು ಬೆವರಿನದಲ್ಲ. ಒಳಗಿನ ಪುಟ್ಟ ಲಿಥಿಯಂ ಬ್ಯಾಟರಿ ಸೊರಗಿದರೆ, ಅಂಟು ಹಾಕಿ ಮುಚ್ಚಿದ ಬಡ್ಡನ್ನು ಬಿಚ್ಚಿ ರಿಪೇರಿ ಮಾಡುವವರು ಪೇಟೆಯಲ್ಲೂ ಸಿಗುವುದು ಕಷ್ಟ. ಕೋಚಿಂಗಿಗೂ ಬೂಟಿಗೂ ಹಣ ಹೊಂದಿಸುತ್ತಿರುವ ಮನೆಗೆ ಮತ್ತೆ ಹೊಸ ಬಡ್ ಕೊಳ್ಳುವುದು ಸಣ್ಣ ಖರ್ಚಲ್ಲ. ಇದ್ದ ಹಣಕ್ಕೆ ಮೊದಲು ಒಳ್ಳೆಯ ಬೂಟು ಬರಲಿ.