ಒಗರು ಇಳಿದರೆ ಸಕ್ಕರೆಯೂ ಇಳಿಯುತ್ತದೆ

ಮನೆಯಲ್ಲಿ ಐಸ್ ಟೀ ಮಾಡುವವರ ದೂರು ಸಾಮಾನ್ಯವಾಗಿ ಎರಡೇ. ಎಷ್ಟು ಸಕ್ಕರೆ ಹಾಕಿದರೂ ಸಿಹಿ ಸಾಲುವುದಿಲ್ಲ; ಹಾಕಿದ್ದರಲ್ಲಿ ಒಂದಿಷ್ಟು ಲೋಟದ ತಳದಲ್ಲೇ ಉಳಿಯುತ್ತದೆ. ತಣ್ಣಗಿರುವುದರಲ್ಲಿ ಸಕ್ಕರೆ ಕರಗುವುದೇ ಇಲ್ಲ ಎಂದು ಕಾರಣ ಕೊಡುವುದುಂಟು. ಅದು ಪೂರ್ತಿ ನಿಜವಲ್ಲ. ಇನ್ನೇನು ಹೆಪ್ಪುಗಟ್ಟಲಿರುವ 100 ಗ್ರಾಂ ನೀರು ಕೂಡ ಸುಮಾರು 180 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಲೋಟಕ್ಕೆ ಎರಡು ಚಮಚ ಅದಕ್ಕೆ ಯಾವ ಲೆಕ್ಕ? ತೊಂದರೆ ಇರುವುದು ವೇಗದಲ್ಲಿ. ತಂಪಿನಲ್ಲಿ ಹರಳು ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಲೋಟ ಬರಿದಾಗಿರುತ್ತದೆ. ಸಕ್ಕರೆಯನ್ನು ಮೊದಲೇ ಪಾಕ ಮಾಡಿಟ್ಟುಕೊಂಡರೆ ಈ ಸಮಸ್ಯೆ ಅಲ್ಲಿಗೆ ಮುಗಿಯಿತು. ರಾಮನವಮಿಯ ಪಾನಕಕ್ಕೆ ಬೆಲ್ಲವನ್ನು ಮುಂಚೆಯೇ ಕರಗಿಸಿ ಸೋಸುವ ಮನೆಗಳಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಆದರೆ ಸಿಹಿ ಸಾಲದೆನ್ನುವ ಮೊದಲ ದೂರು ಪಾಕದಿಂದ ಬಗೆಹರಿಯುವುದಿಲ್ಲ, ಏಕೆಂದರೆ ಅದರ ಮೂಲ ಇರುವುದು ಡಿಕಾಕ್ಷನ್ನಿನಲ್ಲಿ. ಐಸ್ ಟೀಗೆ ಎಷ್ಟು ಸಕ್ಕರೆ ಬೇಕೆಂಬುದು ಚಹಾ ಸೊಪ್ಪಿಗೆ ನೀರು ಬಿದ್ದಾಗಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ.

ತಂಪು ಸಿಹಿಯನ್ನು ಮಂಕಾಗಿಸುತ್ತದೆ. ಕರಗಿದ ಐಸ್‌ಕ್ರೀಮು ಅತಿಸಿಹಿ ಅನಿಸುವುದು ಇದೇ ಕಾರಣಕ್ಕೆ. 2005ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು: ಸಿಹಿಯ ಸುದ್ದಿಯನ್ನು ನರಕ್ಕೆ ಮುಟ್ಟಿಸುವಲ್ಲಿ ಪಾತ್ರವಿರುವ ಟಿಆರ್‌ಪಿಎಂ5 ಎಂಬ ಪ್ರೋಟೀನು 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿ ಏರಿದಂತೆ ಚುರುಕಾಗುತ್ತದೆ. ಮಂಜುಗಡ್ಡೆ ತೇಲುವ ಚಹಾ ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಒಗರಿನ ಸಂಗತಿ ಬೇರೆ. ಚಹಾದ ಪಾಲಿಫಿನಾಲುಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿ ಒಣಗಿ ಬಿಗಿದಂತಾಗುತ್ತದಲ್ಲ, ಅದೇ ಒಗರು. ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ತಣ್ಣಗಾದ ಮಾತ್ರಕ್ಕೆ ಸಿಹಿಯಂತೆ ಹಿಂದೆ ಸರಿಯುವುದಿಲ್ಲ. ನಮ್ಮ ದಿನನಿತ್ಯದ ಚಹಾದಲ್ಲಿ ಹಾಲಿನ ಕೇಸೀನ್ ಎಂಬ ಪ್ರೋಟೀನು ಈ ಪಾಲಿಫಿನಾಲುಗಳನ್ನು ಲೋಟದಲ್ಲೇ ಕಟ್ಟಿಹಾಕುತ್ತದೆ. ಐಸ್ ಟೀಗೆ ಆ ರಕ್ಷಣೆ ಇಲ್ಲ. ಹಾಲಿಗೆಂದು ಕುದಿಸುವ ಹಾಗೆಯೇ ಟೀ ಪುಡಿಯನ್ನು ಕುದಿಸಿ, ಹಾಲು ಬಿಟ್ಟು, ನಿಂಬೆಯ ಹುಳಿ ಸೇರಿಸಿ, ಸಿಹಿಯನ್ನೂ ತಂಪಿನಿಂದ ಮಂಕಾಗಿಸಿದರೆ ಬಾಯಲ್ಲಿ ನಿಲ್ಲುವುದು ಒಗರೇ. ಆಮೇಲೆ ಸುರಿಯುವ ಸಕ್ಕರೆಯೆಲ್ಲ ಅದನ್ನು ಮುಚ್ಚಲು ಖರ್ಚಾಗುತ್ತದೆ.

ಐಸ್ ಟೀಯನ್ನು ಮನೆಮಾತಾಗಿಸಿದ ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಯಲ್ಲಿ ಇದಕ್ಕೆ ಸಾಕ್ಷಿ ಸಿಗುತ್ತದೆ. 1879ರಲ್ಲಿ ಮೇರಿಯನ್ ಕ್ಯಾಬೆಲ್ ಟೈರಿ ಹೊರತಂದ ‘ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ’ ಎಂಬ ಅಡುಗೆ ಪುಸ್ತಕದ ಐಸ್ ಟೀ ಹಸಿರು ಚಹಾದ್ದು: ಹೆಚ್ಚುಕಡಿಮೆ ಒಂದು ಲೀಟರ್ ನೀರಿಗೆ ಎರಡೇ ಸಣ್ಣ ಚಮಚ ಸೊಪ್ಪು, ಲೋಟಕ್ಕೆ ಎರಡು ಸಣ್ಣ ಚಮಚ ಸಕ್ಕರೆ. (1904ರ ಸೇಂಟ್ ಲೂಯಿಸ್ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕಿದ್ದ ರಿಚರ್ಡ್ ಬ್ಲೆಚಿಂಡೆನ್ ಐಸ್ ಟೀ ಕಂಡುಹಿಡಿದರೆಂಬ ಕಥೆ ಈ ಪುಸ್ತಕದ ಎದುರು ನಿಲ್ಲುವುದಿಲ್ಲ.) ಮುಂದೆ ಹಸಿರು ಚಹಾದ ಜಾಗಕ್ಕೆ ಕಪ್ಪು ಚಹಾ ಬಂತು. ಇಂದು ಅಲ್ಲಿನ ‘ಸ್ವೀಟ್ ಟೀ’ಗೆ ಗಟ್ಟಿ ಡಿಕಾಕ್ಷನ್ ಬಿಸಿಯಿರುವಾಗಲೇ ಒಂದು ಗ್ಯಾಲನ್ನಿಗೆ, ಅಂದರೆ ಸುಮಾರು 3.8 ಲೀಟರಿಗೆ, 200ರಿಂದ 400 ಗ್ರಾಂ ಸಕ್ಕರೆ ಕದಡುತ್ತಾರೆ. ಇನ್ನೊಂದು ರೂಢಿಯೂ ಅಲ್ಲಿದೆ: ಒಂದು ಚಿಟಿಕೆ ಅಡುಗೆ ಸೋಡಾ. ಅದನ್ನು ಹಾಕುವುದು ಕಹಿ, ಒಗರು ತಗ್ಗಲೆಂದು. ಕಾಯಿಲೆ ಎಲ್ಲಿದೆಯೆಂದು ಆ ಮನೆಗಳವರಿಗೂ ಗೊತ್ತಿತ್ತು. ಆ ಸಿಹಿಯೇ ಆ ಪಾನೀಯದ ಜೀವ ಎಂದು ಅಲ್ಲಿನವರು ಹೇಳಿದರೆ ಅಪರೂಪದ ಊಟಕ್ಕೆ ಒಪ್ಪೋಣ. ದಿನವಿಡೀ ಸೆಖೆಗೆ ಕುಡಿಯುವುದಕ್ಕೆ ಒಪ್ಪಲಾಗದು. ಆ ಕಡಿಮೆ ಅಳತೆಯಲ್ಲೇ ಕಾಲು ಲೀಟರಿನ ಎರಡು ಲೋಟ ಕುಡಿದರೂ 26 ಗ್ರಾಂ ಸಕ್ಕರೆಯಾಯಿತು. ದಿನಕ್ಕೆ ಸುಮಾರು 25 ಗ್ರಾಂ ದಾಟದಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಒಗರು ಇಳಿಸುವ ದಾರಿ ಸುಲಭವಾದದ್ದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಸೊಪ್ಪು ಹಾಕಿ, ಮುಚ್ಚಿ, ಫ್ರಿಜ್ಜಿನಲ್ಲಿ ಎಂಟು ಗಂಟೆ ಇಟ್ಟು ಸೋಸಿದರಾಯಿತು. ಬಿಸಿಲಿನಲ್ಲಿಡುವ ಪದ್ಧತಿ ಬೇಡ. ಆ ಉಗುರುಬೆಚ್ಚಗಿನ ನೀರು ಬ್ಯಾಕ್ಟೀರಿಯಾಕ್ಕೆ ಹಿತ. ತಣ್ಣೀರು ಪರಿಮಳವನ್ನೂ ಬಣ್ಣವನ್ನೂ ಎಳೆದುಕೊಳ್ಳುತ್ತದೆ, ಕೆಫೀನು ಮತ್ತು ಒಗರಿನ ಅಂಶವನ್ನು ಕಡಿಮೆ ಎಳೆಯುತ್ತದೆ. ಗಟ್ಟಿ ಡಿಕಾಕ್ಷನ್ ಆರಿದಾಗ ಕೆಫೀನು ಮತ್ತು ಪಾಲಿಫಿನಾಲು ಒಂದಕ್ಕೊಂದು ಅಂಟಿ ಚಹಾ ಮಸುಕಾಗುವುದೂ ಇದರಲ್ಲಿ ಕಡಿಮೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಈ ಮಸುಕು ಇನ್ನೂ ಹೆಚ್ಚು, ಬೆಂಗಳೂರಿನವರು ಇದನ್ನು ನೆನಪಿಡಬೇಕು. ಸೊಪ್ಪಿನಲ್ಲಿ ನನ್ನ ಆಯ್ಕೆ ನಮ್ಮ ನೆರೆಯ ನೀಲಗಿರಿಯಲ್ಲಿ ಎಲೆ ಹೊಸೆದು ಮಾಡುವ ಆರ್ಥೊಡಾಕ್ಸ್ ಚಹಾ. ತಣಿದರೂ ತಿಳಿಯಾಗಿಯೇ ಉಳಿಯುವ ಗುಣಕ್ಕೆ ಅದು ಹೆಸರಾಗಿದೆ. ಮನೆಯಲ್ಲಿರುವುದು ಎಲೆ ಜಜ್ಜಿ ಹರಿದು ಮಾಡಿದ ಸಿಟಿಸಿ ಪುಡಿ, ತಣ್ಣೀರಿನಲ್ಲಿ ಅದರ ಗಡುಸು ಬರುವುದಿಲ್ಲ ಎನ್ನುವವರಿದ್ದಾರೆ. ಮಾತು ಸರಿಯೇ. ಅವರು ಬಿಸಿನೀರಿನಲ್ಲೇ ಮಾಡಲಿ, ಆದರೆ ಪುಡಿಯನ್ನು ಇಮ್ಮಡಿ ಮಾಡಿ ಮೂರು ನಿಮಿಷಕ್ಕೆ ಮಂಜುಗಡ್ಡೆಯ ಮೇಲೆ ಸೋಸಿಬಿಡಲಿ. ಹೊತ್ತನ್ನು ಇಮ್ಮಡಿ ಮಾಡಬಾರದು. 90 ಡಿಗ್ರಿಯ ಚಹಾ ಐದು ಡಿಗ್ರಿಗೆ ಇಳಿಯಬೇಕಾದರೆ ಅದರಷ್ಟೇ ತೂಕದ ಮಂಜುಗಡ್ಡೆ ಕರಗಬೇಕು, ಹಾಗಾಗಿ ಆ ಇಮ್ಮಡಿ ತನ್ನಿಂತಾನೇ ಸರಿಹೋಗುತ್ತದೆ.

ಇನ್ನು ಯಾವ ಸಿಹಿ? ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಗೆ ಒಂದು ವಿಶೇಷವಿದೆ: ತಂಪಾದಂತೆ ಅದರ ಅಣುಗಳಲ್ಲಿ ಹೆಚ್ಚು ಪಾಲು ಅತಿ ಸಿಹಿಯಾದ ರೂಪಕ್ಕೆ ತಿರುಗುತ್ತದೆ. ಜೇನಿನಲ್ಲಿ ಅದು ಹೇರಳ. ಆದರೆ ಕೊಡಗಿನ ಕಾಡುಜೇನು ಹಾಕಿದರೆ ಚಹಾದ ಪರಿಮಳ ಅದರಡಿ ಅಡಗುತ್ತದೆ, ಬೆಲೆಯೂ ಜಾಸ್ತಿ. ಬೆಲ್ಲದ ಘಾಟು ಶುಂಠಿ, ಏಲಕ್ಕಿ ಬಿದ್ದ ಸಿಟಿಸಿಗೆ ಹೊಂದುತ್ತದೆ, ನೀಲಗಿರಿಗೆ ಅಲ್ಲ. ಎಲ್ಲಕ್ಕಿಂತ ಒಳ್ಳೆಯದು ನಿಂಬೆ ಹಿಂಡಿದ ಸಕ್ಕರೆ ಪಾಕ. ಎರಡು ಪಾಲು ಸಕ್ಕರೆ, ಒಂದು ಪಾಲು ನೀರು, ಅರ್ಧ ನಿಂಬೆಯ ರಸ ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಟ್ಟರೆ ಸಕ್ಕರೆಯ ಒಂದು ಭಾಗ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಜಾಮೂನಿನ ಪಾಕ ಹರಳುಗಟ್ಟದಿರಲೆಂದು ನಿಂಬೆ ಹಿಂಡುವವರು ಮಾಡುವುದೂ ಇದನ್ನೇ. ಎಳೆ ಬರುವ ತನಕ ಕಾಯಿಸಬೇಡಿ, ಗಟ್ಟಿಯಾದ ಪಾಕ ತಣ್ಣನೆಯ ಚಹಾದಲ್ಲಿ ಬೆರೆಯದೆ ತಳ ಸೇರುತ್ತದೆ. ತಣ್ಣೀರಿನಲ್ಲಿ ಮಾಡಿದ ನೀಲಗಿರಿ ಚಹಾದ ಒಂದು ಲೋಟಕ್ಕೆ ಈ ಪಾಕ ಒಂದು ಸಣ್ಣ ಚಮಚ ಸಾಕು. ಅದನ್ನೂ ಹಾಕುವ ಮುನ್ನ ಒಂದು ಗುಟುಕು ಹಾಗೆಯೇ ಕುಡಿದು ನೋಡಿ, ಬೇಕೆನಿಸಿದರೆ ಮಾತ್ರ ಚಮಚ ಎತ್ತಿಕೊಳ್ಳಿ.